ಎಡಗಡೆಯ ಗೇರು

ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯ ಜೊತೆಗೆ ಒಂದು ಸೈಕಲ್ ಗೇರಿನ ಲಿವರೂ ಬಿದ್ದುಕೊಂಡಿರುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ತೆಗೆದು ಹೆಬ್ಬೆರಳಿನಿಂದ ಒತ್ತುತ್ತ ಕೂಡುವುದು ಈಗೀಗ ನನಗೆ ಅಂಟಿಕೊಂಡ ಚಟ. ಅದಕ್ಕೆ ವಾಯರಿಲ್ಲ, ಆ ಕಡೆ ಸೈಕಲ್ಲೂ ಇಲ್ಲ. ಆದರೂ ಒತ್ತಿದಾಗೊಮ್ಮೆ ನಿಷ್ಠೆಯಿಂದ ಟಿಕ್ ಎನ್ನುತ್ತದೆ. ಊಟದ ಡಬ್ಬಿ ತಂದ ನನ್ನ ಹೆಂಡತಿ ಒಂದು ದಿನ ಇದನ್ನು ನೋಡಿ, ಮಂದಿ ಈ ವಯಸ್ಸಿಗೆ ಜಪಮಣಿ ಹಿಡಿಯುತ್ತಾರೆ, ನೀವು ಇದನ್ನು ಹಿಡಿದಿರಿ ಎಂದು ಹೇಳಿ ಹೋದಳು. ಉತ್ತರ ಕೊಡಬಹುದಿತ್ತು. ದಣಿವಾಗಿತ್ತು, ಬಿಟ್ಟೆ.

ದಣಿವಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸೈಕಲ್ಲಿನ ರಾಮಾಯಣ ಶುರುವಾದದ್ದೇ ಅದರಿಂದ. ಸೊಲ್ಲಾಪುರದಲ್ಲಿ ನಮ್ಮದು ಚಾದರು, ಟಾವೆಲುಗಳ ಅಂಗಡಿ. ಅಪ್ಪನ ಕಾಲದ್ದು. ಚಾದರದ ವ್ಯಾಪಾರವೆಂದರೆ ಮೂಲತಃ ಮಡಿಕೆ ಬಿಚ್ಚುವ, ಮತ್ತೆ ಮಡಚುವ ಕೆಲಸ. ಗಿರಾಕಿ ಇಪ್ಪತ್ತು ಬಿಚ್ಚಿಸುತ್ತಾಳೆ, ಅಂಚು ಉಜ್ಜಿ ನೋಡುತ್ತಾಳೆ, ಬಣ್ಣ ಹೋಗುತ್ತದೆಯೇ ಎಂದು ಕೇಳುತ್ತಾಳೆ, ಮನೆಯವರನ್ನು ಕೇಳಿಕೊಂಡು ಬರುತ್ತೇನೆಂದು ಎದ್ದು ಹೋಗುತ್ತಾಳೆ. ನನ್ನ ಅಣ್ಣ ಸಿದ್ರಾಮ ಬಿಚ್ಚಿ ತೋರಿಸುವವನು, ನಾನು ಮಡಚುವವನು. ಎಷ್ಟೋ ವರ್ಷ ಹೀಗೇ ನಡೆಯಿತು. ಅಣ್ಣನಿಗೆ ಲಕವಾ ಹೊಡೆದು ಮನೆಯಲ್ಲಿ ಕೂತ ಮೇಲೆ ಬಿಚ್ಚುವವನೂ ನಾನೇ, ಮಡಚುವವನೂ ನಾನೇ. ಮುಂಜಾನೆ ಶಟರ್ ಎತ್ತುವಾಗಲೇ ಸಂಜೆಯ ಸೊಂಟನೋವು ಬಂದು ನಿಂತಿರುತ್ತಿತ್ತು.

ದೇವರ ದಯದಿಂದ ಅಣ್ಣನ ಮಾತು ಬೇಗನೇ ಮರಳಿತು. ಕಾಲೂ ಒಂದು ವರ್ಷದೊಳಗೆ ಮಾತು ಕೇಳಿತು. ಸಂಜೆ ಓಣಿಯ ತುದಿಯವರೆಗೆ ನಡೆದು ಬರುತ್ತಿದ್ದ. ಉಳಿದದ್ದು ಬಲಗೈ. ಅದು ಭುಜದಿಂದ ಇಳಿಬಿದ್ದೇ ಇತ್ತು. ಎತ್ತಿ ಏನಾದರೂ ಮೇಲೆ ಇಟ್ಟರೆ ಇಟ್ಟಲ್ಲಿ ಇರುತ್ತಿತ್ತು, ಅಷ್ಟೇ. ಅಂಗಡಿಯಲ್ಲಿ ಕೂಡಲು ಅಡ್ಡಿಯಿಲ್ಲ, ಕೂತರೆ ಮನಸ್ಸಿಗೂ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ನಾನು ಆ ದಿನವೇ ಗಾದಿಗೆ ಹೊಸ ಬಿಳಿ ಬಟ್ಟೆ ಹಾಸಿಸಿದೆ. ಅಣ್ಣ ಬರಲಿಲ್ಲ. ಮರುದಿನ, ಮರುವಾರ, ಮರುತಿಂಗಳು ಹೇಳಿದೆ. ನಾನು ಹೇಳುವುದು, ಅವನು ಕಿಟಕಿಯ ಕಡೆ ನೋಡುವುದು. ಕಡೆಗೆ ಒಂದು ದಿನ ಬಾಯಿಬಿಟ್ಟ.

"ಎಡಗೈಲೆ ಗಿರಾಕಿಗೆ ಮಾಲ ಕೊಡಾಕ ಬರಂಗಿಲ್ಲ ಮಲ್ಲು. ಆ ಗಾದಿ ಮ್ಯಾಲೆ ಅಪ್ಪ ಕೂತಿದ್ದ."

ಹೊರಗಿನವರಿಗೆ ಇದು ಹುಚ್ಚಾಟ ಎನ್ನಿಸಬಹುದು. ನಮ್ಮ ಗಲ್ಲಿಯಲ್ಲಿ ಯಾರಿಗೂ ಹಾಗೆ ಎನ್ನಿಸಲಿಲ್ಲ. ದಿನದ ಮೊದಲ ಮಾರಾಟಕ್ಕೆ ನಾವು ಭವಾನಿ ಎನ್ನುತ್ತೇವೆ. ಭವಾನಿ ಮಾಡುವಾಗ ಚೌಕಾಸಿ ಜಾಸ್ತಿ ಬೇಡ, ಇಲ್ಲ ಅನ್ನುವುದು ಬೇಡ, ಮಾಲು ಕೊಡುವುದೂ ದುಡ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುವುದೂ ಬಲಗೈಯಿಂದಲೇ ಆಗಬೇಕು. ಯಾರೋ ಮರೆತು ಎಡಗೈಯಲ್ಲಿ ನೋಟು ಚಾಚಿದರೆ ಅಪ್ಪ ಮುಟ್ಟುತ್ತಿರಲಿಲ್ಲ. ಗಿರಾಕಿ ತಾನೇ ಅರಿತುಕೊಂಡು ಕೈ ಬದಲಿಸುವವರೆಗೆ ನಗುತ್ತ ಕೂತಿರುತ್ತಿದ್ದ.

ನಮ್ಮ ವೈನಿ, ಅಣ್ಣನ ಹೆಂಡತಿ, ಬಾಯಿ ಜೋರಿನವಳು. ಅವಳೊಂದು ಒಳ್ಳೆಯ ವಾದ ಹೂಡಿದಳು. ದಿನಾ ಮುಂಜಾನೆ ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡಗೈಯ ಮೇಲೆ ಅಲ್ಲವೇ, ಲಿಂಗಕ್ಕೆ ನಡೆಯುವ ಕೈ ಒಂದು ಟಾವೆಲಿಗೆ ನಡೆಯುವುದಿಲ್ಲವೇ ಎಂದು ಕೇಳಿದಳು. ನಾನು ಮನಸ್ಸಿನಲ್ಲೇ ಅವಳಿಗೆ ಶಾಲು ಹೊದಿಸಿದೆ. ಅಣ್ಣ ಮಾತ್ರ ಪೂಜೆ ಬೇರೆ, ವ್ಯಾಪಾರ ಬೇರೆ ಎಂದು ಹೇಳಿ ಒಳಗೆ ಹೋದ. ಊಟವನ್ನೂ ಅವನು ಒಳಕೋಣೆಯಲ್ಲಿ ಒಬ್ಬನೇ, ಎಡಗೈಯಲ್ಲಿ ಚಮಚ ಹಿಡಿದು ಮಾಡುತ್ತಿದ್ದ. ನಾವು ಯಾರೂ ಆ ಹೊತ್ತಿಗೆ ಬಾಗಿಲ ಹತ್ತಿರ ಸುಳಿಯುತ್ತಿರಲಿಲ್ಲ.

ಇಲ್ಲೊಂದು ಹಳೆಯ ಸಂಗತಿ ಹೇಳಬೇಕು. ಅಣ್ಣ ಹುಟ್ಟಿದ್ದು ಎಡಚನಾಗಿ. ಗೋಲಿ ಆಡುವುದು, ಬಳಪ ಹಿಡಿಯುವುದು, ನನ್ನ ಕಿವಿ ಹಿಂಡುವುದು ಎಲ್ಲ ಎಡಗೈಯಿಂದಲೇ. ದಿನಾ ಸಂಜೆ ಸಾಲಿ ಬಿಟ್ಟ ಮೇಲೆ ನಮ್ಮಿಬ್ಬರನ್ನೂ ಅಪ್ಪ ಅಂಗಡಿಯಲ್ಲಿ ಕೂಡಿಸಿಕೊಳ್ಳುತ್ತಿದ್ದ. ಹಿರಿಯ ಮಗ ಎಡಗೈಯಲ್ಲಿ ಮಾಲು ಕೊಡುವುದು ಅವನಿಗೆ ಸಹಿಸಲಾಗಲಿಲ್ಲ. ಹೊಡೆಯುವ ಮನುಷ್ಯನಲ್ಲ. ಚಾದರದ ಅಂಚಿನಿಂದ ಹರಿದ ಒಂದು ದಡಿ ತೆಗೆದುಕೊಂಡು ಅಣ್ಣನ ಎಡ ಮಣಿಕಟ್ಟನ್ನು ಅವನದೇ ಸೊಂಟದ ಉಡದಾರಕ್ಕೆ ಮೆತ್ತಗೆ ಕಟ್ಟುತ್ತಿದ್ದ. ಗಂಟೂ ಬಿಗಿ ಇರುತ್ತಿರಲಿಲ್ಲ, ಎಳೆದರೆ ಬಿಚ್ಚಿಹೋಗುವಂಥದ್ದು. ಅಣ್ಣ ಎಂದೂ ಎಳೆಯಲಿಲ್ಲ. ನನಗೆ ಅದು ಆಟದಂತೆ ಕಂಡು, ನನಗೂ ಕಟ್ಟು ಎಂದು ಅಪ್ಪನಿಗೆ ಗಂಟುಬೀಳುತ್ತಿದ್ದೆ. ಹೀಗೆ ಬೇಸಗೆ ಕಳೆದು ಮಳೆಗಾಲ ಬರುವಷ್ಟರಲ್ಲಿ ಅಣ್ಣ ಬಲಗೈಯವನಾದ. ಎಷ್ಟು ಪಕ್ಕಾ ಆದನೆಂದರೆ, ಮುಂದೆ ಟಾವೆಲನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಯಾವ ಮಗ್ಗದ್ದೆಂದು ಹೇಳುವವನಾದ. ಈಗ ಆ ಬೆರಳುಗಳಿಗೆ ಟಾವೆಲೂ ಗೊತ್ತಾಗುವುದಿಲ್ಲ, ಬಿಸಿ ಚಹಾವೂ ಗೊತ್ತಾಗುವುದಿಲ್ಲ. ಎಡಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು, ಇನ್ನೂ ಆ ದಡಿ ಕಟ್ಟಿದೆಯೇನೋ ಎಂಬಂತೆ. ಅದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತಿತ್ತು, ಆಮೇಲೆ ಅಳು ಬರುತ್ತಿತ್ತು.

ಸೈಕಲ್ಲಿಗೆ ಬರುತ್ತೇನೆ. ನಮ್ಮ ಅಂಗಡಿಗೆ ವಾರದ ರಜೆ ಇದ್ದ ದಿನ ಅಣ್ಣತಮ್ಮ ಇಬ್ಬರೂ ಸೈಕಲ್ ಹೊಡೆದು ಅಕ್ಕಲಕೋಟೆಗೆ ಹೋಗಿ, ಸ್ವಾಮಿಗಳ ಗುಡಿಯಲ್ಲಿ ಕೈಮುಗಿದು, ಬಸ್ ಸ್ಟ್ಯಾಂಡಿನ ಎದುರು ಭಜಿ ತಿಂದು ಬರುತ್ತಿದ್ದೆವು. ಭಕ್ತಿ ಎಷ್ಟು, ಭಜಿ ಎಷ್ಟು ಎಂದು ಕೇಳಬೇಡಿ. ಅಣ್ಣನದು ಗೇರ್ ಸೈಕಲ್ಲುಗಳು ಈ ಊರಿಗೆ ಹೊಸದಾಗಿ ಬಂದಾಗ ಕೊಂಡದ್ದು. ಕಬ್ಬಿಣದ್ದು, ಹಿಂದೆ ಆರು ಹಲ್ಲುಚಕ್ರ. ನನ್ನದು ಇತ್ತೀಚಿನದು, ಹಗುರ, ಹಿಂದೆ ಒಂಬತ್ತು. ಲಕವಾ ಹೊಡೆದ ಮೇಲೆ ಎರಡೂ ಮೆಟ್ಟಿಲ ಕೆಳಗೆ ಒಂದಕ್ಕೊಂದು ಆತು ನಿಂತಿದ್ದವು. ಅಣ್ಣ ದಿನಾ ಚಹಾ ಕುಡಿಯುತ್ತ ಅವುಗಳ ಕಡೆಗೇ ನೋಡುತ್ತಾನೆ ಎಂದು ವೈನಿ ಒಂದು ಸಲ ಹೇಳಿದಳು. ನನ್ನ ತಲೆಯಲ್ಲಿ ವ್ಯಾಪಾರಿಯ ಲೆಕ್ಕ ಓಡಿತು. ಸೈಕಲ್ ಹತ್ತಿದರೆ ಮನೆಯಿಂದ ಹೊರಗೆ ಬೀಳುತ್ತಾನೆ, ಹೊರಗೆ ಬಿದ್ದವನು ಒಂದು ದಿನ ಅಂಗಡಿಗೂ ಬಂದಾನು, ಬಂದರೆ ನಾನು ಬರೀ ಮಡಚುತ್ತ ಕೂಡಬಹುದು. ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಸೊಂಟನೋವು ಅದಕ್ಕಿಂತ ಮುಂದೆ ನಿಂತಿತ್ತು.

ತೊಡಕು ಇದ್ದದ್ದು ಇಲ್ಲಿ. ಸೈಕಲ್ಲಿನಲ್ಲಿ ಮುಖ್ಯವಾದದ್ದೆಲ್ಲ ಬಲಗೈಗೇ ಗಂಟು ಬಿದ್ದಿರುತ್ತದೆ. ಹಿಂದಿನ ಗೇರು ಬಲಕ್ಕೆ, ಒಂದು ಬ್ರೇಕು ಬಲಕ್ಕೆ. ಎಲ್ಲವನ್ನೂ ಎಡಕ್ಕೆ ತರಬೇಕು. ಸೈಕಲ್ ಅಂಗಡಿಯವನು ನನ್ನ ಮಾತು ಕೇಳಿ, ಕಾಕಾ, ಬೇರೆ ಬೇರೆ ಕಾಲದ ಸಾಮಾನು ಕೂಡಿಸಬೇಡಿ, ಒಂದಕ್ಕೊಂದು ಹೊಂದುವುದಿಲ್ಲ, ಪೂರಾ ಸೆಟ್ಟೇ ತೆಗೆದುಕೊಳ್ಳಿ ಎಂದ. ನಾನು ಒಳಗೇ ನಕ್ಕೆ. ಚಾದರದ ಜೊತೆ ದಿಂಬಿನ ಚೀಲ ಮಾರುವಾಗ ನಾನು ಹಾಡುವ ರಾಗವೇ ಇದು. ಮನೆಯಲ್ಲಿ ಎರಡು ಸೈಕಲ್ಲಿನ ಸಾಮಾನು ಇರುವಾಗ ಸೆಟ್ಟು ಕೊಳ್ಳುವುದು ನಮ್ಮ ಮನೆತನಕ್ಕೆ ಬಂದ ವಿದ್ಯೆಯಲ್ಲ. ಒಂದೇ ಲಿವರಿಗೆ ಎರಡು ವಾಯರು ಸಿಕ್ಕಿಸಿ ಎರಡೂ ಬ್ರೇಕು ಎಳೆಯುವಂಥದ್ದೊಂದು ಸಿಗುತ್ತದೆ. ಅದನ್ನು ಮಾತ್ರ ಕೊಂಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಬಂದೆ.

ನೋಡಿಕೊಂಡೆ, ಚೆನ್ನಾಗಿಯೇ ನೋಡಿಕೊಂಡೆ. ಹಿಂದಿನ ಗಾಲಿಯ ಹತ್ತಿರ ಡಿರೈಲರ್ ಎಂಬ ಒಂದು ತೋಳು ಇರುತ್ತದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವುದು ಅದರ ಕೆಲಸ. ಕೈಯಲ್ಲಿನ ಲಿವರ್ ಒಂದು ಟಿಕ್ಕಿಗೆ ವಾಯರನ್ನು ಇಷ್ಟು ಎಳೆಯಬೇಕು, ತೋಳು ಅಷ್ಟಕ್ಕೆ ಸರಿಯಾಗಿ ಒಂದು ಮನೆ ಸರಿಯಬೇಕು. ಈ ಇಷ್ಟು ಅಷ್ಟುಗಳ ಒಪ್ಪಂದ ಒಂದೊಂದು ಕಾಲದ ಸಾಮಾನಿಗೆ ಒಂದೊಂದು ರೀತಿ. ನಾನು ನನ್ನ ಹೊಸ ಸೈಕಲ್ಲಿನ ಲಿವರನ್ನು ಕಿತ್ತು, ಬಲಗಡೆಯದನ್ನು ತಲೆಕೆಳಗು ಮಾಡಿ ಎಡಗಡೆ ಕೂಡಿಸಿ, ಅಣ್ಣನ ಹಳೆಯ ತೋಳಿಗೆ ವಾಯರು ಕಟ್ಟಿದೆ. ಒಂಬತ್ತು ಟಿಕ್ಕಿನ ಲಿವರು, ಆರು ಮನೆಯ ಚಕ್ರ. ಒಂದು ಟಿಕ್ ಒತ್ತಿದರೆ ಚೈನು ಹೊರಡುತ್ತದೆ, ಮುಂದಿನ ಮನೆಯ ಹೊಸ್ತಿಲಲ್ಲಿ ನಿಂತು ಕರಕರ ಎನ್ನುತ್ತದೆ. ಎರಡು ಒತ್ತಿದರೆ ದಾಟಿ ಹೋಗುತ್ತದೆ. ಮೂರು ವಾರ ಸ್ಕ್ರೂ ತಿರುವಿದೆ. ಕಡೆಗೆ ತಲೆಕೆಳಗಾಗಿ ಕೂತ ಲಿವರನ್ನು ಬಿಗಿ ಮಾಡಲು ಹೋಗಿ ಅದನ್ನು ಹ್ಯಾಂಡಲ್ಲಿಗೆ ಹಿಡಿದಿಡುವ ಪಟ್ಟಿಯನ್ನೇ ಮುರಿದೆ. ಈಗ ಗಲ್ಲಾಪೆಟ್ಟಿಗೆಯಲ್ಲಿ ಟಿಕ್ ಎನ್ನುತ್ತಿರುವುದು ಅದೇ.

ಬ್ರೇಕಿನ ಕಥೆ ಇನ್ನೂ ಘನವಾದದ್ದು. ಮುಂದಿನ ಗಾಲಿಗೆ ನನ್ನ ಸೈಕಲ್ಲಿನ ಹೊಸ ಬ್ರೇಕನ್ನು ಫೋರ್ಕ್ ಸಮೇತ ಎತ್ತಿ ಹಾಕಿದೆ, ಹಿಂದೆ ಅಣ್ಣನ ಹಳೆಯದೇ ಇತ್ತು. ಹೊಸದಕ್ಕೆ ವಾಯರು ತುಂಬ ಎಳೆಯಬೇಕು, ಹಳೆಯದಕ್ಕೆ ಸ್ವಲ್ಪ ಸಾಕು. ಎರಡನ್ನೂ ಒಂದೇ ಲಿವರಿಗೆ ಕಟ್ಟಿದರೆ ಏನಾಗುತ್ತದೆ ಎಂದು ತಿಳಿಯಲು ಮೈದಾನಕ್ಕೆ ಹೋಗಿ ನಾನೇ ಹತ್ತಿದೆ. ಜೋರಾಗಿ ಬಂದು ಲಿವರ್ ಹಿಂಡಿದೆ. ಹಿಂದಿನ ಗಾಲಿ ಗಪ್ಪೆಂದು ನಿಂತಿತು, ಮುಂದಿನದಕ್ಕೆ ಇನ್ನೂ ಸುದ್ದಿಯೇ ಮುಟ್ಟಿರಲಿಲ್ಲ. ಸೈಕಲ್ ಅಡ್ಡ ತಿರುಗಿ ನಾನು ಧೂಳಿನಲ್ಲಿ ಸಾಕಷ್ಟು ದೂರ ಜಾರಿದೆ. ಮುಂಜಾನೆ ನಗೆಕೂಟ ನಡೆಸುವ ಹಿರಿಯರು ಅಲ್ಲೇ ಇದ್ದರು. ಆ ದಿನ ಅವರು ಪ್ರಯತ್ನಪಟ್ಟು ನಗಬೇಕಾಗಲಿಲ್ಲ.

ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದೆ. ಅಣ್ಣ ಪಡಸಾಲೆಯ ಕುರ್ಚಿಯಲ್ಲಿದ್ದ. ಈ ಎಲ್ಲ ವಾರ ಅವನು ಒಂದು ಮಾತೂ ಆಡದೆ ನೋಡುತ್ತಿದ್ದ. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆಯೇ ಕೂತುಬಿಟ್ಟೆ. ನನ್ನಿಂದ ಇನ್ನು ಆಗುವುದಿಲ್ಲ ಎಂದು ಬಾಯಿಂದ ಬಂದುಬಿಟ್ಟಿತು. ಸೈಕಲ್ಲಿನ ಬಗ್ಗೆ ಅಂದೆನೋ ಅಂಗಡಿಯ ಬಗ್ಗೆ ಅಂದೆನೋ ನನಗೇ ಗೊತ್ತಾಗಲಿಲ್ಲ. ಅಂಗಡಿಯ ಬಗ್ಗೆಯೇ ಇರಬೇಕು, ಯಾಕೆಂದರೆ ವೈನಿ ಅಡುಗೆಮನೆಯಿಂದ ಹೊರಗೆ ಬಂದು ಅಲ್ಲೇ ನಿಂತಳು. ಅಣ್ಣ ಕುರ್ಚಿಯಿಂದಲೇ ಬಗ್ಗಿ ಸೈಕಲ್ಲಿನ ಹ್ಯಾಂಡಲ್ ನೋಡಿದ.

"ನಿನ್ನ ಹೊಸಾ ಸಾಮಾನ ಎಲ್ಲಾ ತೆಗಿ," ಎಂದ. "ನನ್ನ ಸೈಕಲ್ಲಿಂದು ಹಳೀ ಲಿವರ್ ಅದ ನೋಡು, ಟಿಕ್ ಅನ್ನಲಾರದ್ದು. ಅದನ್ನ ಹಚ್ಚು."

ಅದು ನೆನಪೇ ಇರಲಿಲ್ಲ. ಅಣ್ಣನ ಸೈಕಲ್ಲಿನ ಎಡಗಡೆ ಒಂದು ಚಿಕ್ಕ ಕಬ್ಬಿಣದ ಕಿವಿಯಂಥ ಲಿವರಿತ್ತು, ಪೆಡಲ್ ಹತ್ತಿರದ ಮುಂದಿನ ಹಲ್ಲುಚಕ್ರ ಬದಲಿಸಲು. ಅದಕ್ಕೆ ಟಿಕ್ಕೂ ಇಲ್ಲ, ಮನೆಗಳೂ ಇಲ್ಲ; ಎಷ್ಟು ತಿರುವಿದರೆ ಅಷ್ಟು ವಾಯರು ಎಳೆಯುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಯಾವ ಕಾಲದ ತೋಳಿಗೆ ಕಟ್ಟಿದರೂ ಅದಕ್ಕೆ ತಕರಾರಿಲ್ಲ. ತಕರಾರು ಇರುವುದು ಹಿಡಿದವನಿಗೆ. ಚೈನು ಸರಿಯಾಗಿ ಕೂತಿತೋ ಇಲ್ಲವೋ ಎಂದು ಬೆರಳಿನಿಂದ, ಕಿವಿಯಿಂದ ತಿಳಿದುಕೊಳ್ಳಬೇಕು. ಅದಕ್ಕೆ ಹಿಂದಿನ ಗೇರಿನ ವಾಯರು ಕಟ್ಟಿದೆ. ಬ್ರೇಕು ಎರಡೂ ಹಳೆಯವೇ ಹಾಕಿದೆ, ಆಗ ಆ ಒಂದೇ ಲಿವರ್ ಎರಡನ್ನೂ ಸಮನಾಗಿ ಹಿಡಿಯಿತು. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನಾನು ಪೆಡಲ್ ತಿರುವಿದೆ. ಲಿವರ್ ಸರಿಸಲು ಹೋದಾಗಲೆಲ್ಲ ಚೈನು ಹಲ್ಲು ಕಡಿಯಿತು.

ಅಣ್ಣ ಕುರ್ಚಿಯಿಂದ ಎದ್ದು ಬಂದ. ಎಡ ಹೆಬ್ಬೆರಳನ್ನು ಲಿವರಿನ ಮೇಲೆ ಇಟ್ಟ. ಒಂಚೂರು ಒತ್ತಿದ, ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟ. ಸದ್ದು ನಿಂತುಹೋಯಿತು. ಮುಂದಿನ ಮನೆ, ಅಲ್ಲಿಯೂ ಸದ್ದಿಲ್ಲ. ಅಪ್ಪ ದಡಿಯಿಂದ ಕಟ್ಟಿಟ್ಟಿದ್ದ ಕೈ ಅದು. ಟಾವೆಲ್ ಹಿಡಿಯಲು ಅದಕ್ಕೆ ಯಾರೂ ಕಲಿಸಿರಲಿಲ್ಲ, ಏನನ್ನೂ ಕಲಿಸಿರಲಿಲ್ಲ. ನಾನು ಪೆಡಲ್ ತಿರುವುತ್ತಲೇ ಇದ್ದೆ, ನಿಲ್ಲಿಸಲು ಮನಸ್ಸಾಗಲಿಲ್ಲ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಣ್ಣ ಮಾತ್ರ ಚೈನಿಗೆ ಎಣ್ಣೆ ಸಾಲದು ಎಂದ.

ಮೈದಾನದಲ್ಲಿ ಒಂದೆರಡು ತಿಂಗಳು ಅಭ್ಯಾಸ ನಡೆಯಿತು. ಬಲಗೈಯನ್ನು ಹ್ಯಾಂಡಲ್ಲಿನ ಮೇಲೆ ಇಟ್ಟರೆ ಅದು ಅಲ್ಲೇ ಕೂತಿರುತ್ತಿತ್ತು, ಎಡಗೈ ಉಳಿದದ್ದೆಲ್ಲ ಮಾಡುತ್ತಿತ್ತು. ಯಾರೂ ಇರದ ಮಸಕು ಬೆಳಕಿನಲ್ಲಿ ಹೋಗಿ, ಬಿಸಿಲೇರುವ ಮೊದಲೇ ಬರುತ್ತಿದ್ದೆವು; ಮಂದಿ ನೋಡಬಾರದು ಎಂಬುದು ಅಣ್ಣನ ಕರಾರು. ಡಾಕ್ಟರೂ ಒಪ್ಪಿದ ಮೇಲೆ ಅಕ್ಕಲಕೋಟೆಯ ಮಾತು ತೆಗೆದವನು ಅವನೇ. ಪೂರಾ ದಾರಿ ಬೇಡವೆಂದು ವೈನಿ ಆಣೆ ಹಾಕಿಸಿಕೊಂಡಳು. ಹಾಗಾಗಿ ಅಂಗಡಿಯ ಮಾಲು ಸಾಗಿಸುವ ಟೆಂಪೊದಲ್ಲಿ ಎರಡೂ ಸೈಕಲ್ ಹಾಕಿಕೊಂಡು ಹೋಗಿ, ಊರು ಇನ್ನು ಆರೇಳು ಕಿಲೋಮೀಟರು ಇದೆ ಎನ್ನುವಾಗ ಇಳಿದೆವು. ಆ ಹೊತ್ತಿಗೆ ನನ್ನದು ಗೇರೇ ಬದಲಾಗದ ಗೇರ್ ಸೈಕಲ್ಲು. ಏರು ಬಂದಾಗ ನಾನು ಇಳಿದು ನೂಕುತ್ತಿದ್ದೆ, ಅಣ್ಣ ಹೆಬ್ಬೆರಳು ಸರಿಸಿ ಸದ್ದಿಲ್ಲದೆ ಏರಿಹೋಗಿ ಮೇಲೆ ನಿಂತು ಕಾಯುತ್ತಿದ್ದ. ಎರಡೂ ಕಡೆ ಜೋಳ ಕಟಾವಾಗಿ ಹೊಲ ಬೋಳಾಗಿತ್ತು, ಗಾಳಿ ಎದುರಿಗಿತ್ತು. ನನಗೆ ಏದುಸಿರು ಹತ್ತಿತ್ತು. ಅಣ್ಣನ ಮುಖ ನೋಡಿದರೆ ಅವನಿಗೆ ವಯಸ್ಸೇ ಆಗಿಲ್ಲವೇನೋ ಅನ್ನಿಸುತ್ತಿತ್ತು.

ಊರು ಹೊಕ್ಕಾಗ ಎದುರು ಒಂದು ರಿಕ್ಷಾ ಬಂತೆಂದು ಅಣ್ಣ ಗಡಬಡಿಯಲ್ಲಿ ಲಿವರ್ ಜಾಸ್ತಿ ಸರಿಸಿದ, ಚೈನು ಕಳಚಿ ಗಾಲಿ ಮತ್ತು ಚೌಕಟ್ಟಿನ ನಡುವೆ ಸಿಕ್ಕಿಕೊಂಡಿತು. ತಪ್ಪು ನನ್ನದು. ಚೈನು ಅಷ್ಟು ದೂರ ಹೋಗದಂತೆ ತಡೆಯುವ ಸ್ಕ್ರೂವನ್ನು ನಾನು ಬಿಗಿ ಮಾಡಿರಲಿಲ್ಲ. ಬೀದಿಯಲ್ಲೇ ಮೊಣಕಾಲೂರಿ ಎರಡೂ ಕೈಯಿಂದ ಎಳೆದು ಬಿಡಿಸಿದೆ. ಅಣ್ಣ ಎಣ್ಣೆ ಸಾಲದು ಎಂದಿದ್ದಕ್ಕೆ ನಾನು ಧಾರಾಳವಾಗಿ ಸುರಿದಿದ್ದೆ; ಮೊಣಕೈವರೆಗೆ ಕಪ್ಪಾಯಿತು. ಗುಡಿಯ ಹತ್ತಿರದ ನಳದಲ್ಲಿ ತೊಳೆದರೆ ಎಣ್ಣೆ ಹೋಗುವ ಬದಲು ಉಗುರಿನೊಳಗೂ ಹೊಕ್ಕಿತು. ಕೈ ಮುಗಿಯಲು ಆ ಕೈಯೇ ನಡೆದೀತು ಎಂದುಕೊಂಡು ಸಾಲಿನಲ್ಲಿ ನಿಂತೆವು.

ದರ್ಶನ ಮುಗಿಸಿ ಹೊರಬಂದಾಗ ಒಬ್ಬ ಹಿರಿಯ ಹೆಂಗಸು ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದಳು. ಏನೋ ಹರಕೆ ಇರಬೇಕು, ಬಂದವರಿಗೆಲ್ಲ ಚಮಚದಿಂದ ಬಿಸಿ ಶಿರಾ ಕೊಡುತ್ತಿದ್ದಳು. ಲಕವಾ ಹೊಡೆದ ಮೇಲೆ ಒಮ್ಮೆ ಮನೆಮಂದಿಯೆಲ್ಲ ಕಾರಿನಲ್ಲಿ ಬಂದಾಗ ಅಣ್ಣನ ಪಾಲಿನ ಪ್ರಸಾದವನ್ನೂ ವೈನಿಯೇ ತನ್ನ ಬಲಗೈಯಲ್ಲಿ ತೆಗೆದುಕೊಂಡಿದ್ದಳು. ಈ ಸಲ ಆ ಕೆಲಸ ನನ್ನದು. ಹೆಂಗಸು ನಮ್ಮೆದುರು ಬಂದು, "ಹಾತ ಪುಢ ಕರಾ, ದಾದಾ," ಎಂದು ಮರಾಠಿಯಲ್ಲಿ ಕೈ ಮುಂದೆ ಮಾಡಲು ಹೇಳಿದಳು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವಳು ನನ್ನ ಅಂಗೈ ನೋಡಿದಳು, ಚಮಚ ಅಲ್ಲೇ ನಿಂತಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡು ಅಣ್ಣನ ಕಡೆ ನೋಡಿದೆ. ಹಿಂದಿನ ಸಾಲಿನವರು ತಳ್ಳುತ್ತಿದ್ದರು. ಅವನ ಬಲಗೈ ಇಳಿಬಿದ್ದಿತ್ತು. ಎಡಗೈ ಅಂಗಿಯ ಪಕ್ಕಕ್ಕೆ ಅಂಟಿಕೊಂಡು, ಸೊಂಟದ ಹತ್ತಿರ, ಅಪ್ಪ ಕಟ್ಟುತ್ತಿದ್ದ ಜಾಗದಲ್ಲೇ ಇತ್ತು. ಬೇಡ ಎಂದು ಹೇಳಿ ಮುಂದೆ ಹೋಗೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕೈ ಎದ್ದಿತು. ಅಣ್ಣ ಎಡಗೈಯನ್ನು ಅಷ್ಟು ಮಂದಿಯ ಎದುರು ಚಾಚಿದ.

ಹೆಂಗಸು ಶಿರಾ ಹಾಕಿದಳು. ಮತ್ತೇನೂ ಆಗಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಅಣ್ಣ ಬಿಸಿಗೆ ಒಮ್ಮೆ ಉಫ್ ಎಂದು, ಅಂಗೈಯನ್ನು ನೇರ ನನ್ನ ಮುಖದ ಹತ್ತಿರ ತಂದ.

"ಬಾಯಿ ತೆಗಿ. ಆ ಕೈಲೆ ತಿಂದು ಸಾಯ್ತೀಯೇನ?"

ನಾನು ಬಗ್ಗಿ ಅವನ ಅಂಗೈಯಿಂದಲೇ ತಿಂದೆ. ಕಣ್ಣಲ್ಲಿ ನೀರು ಬಂದದ್ದನ್ನು ಶಿರಾ ಬಿಸಿ ಇತ್ತು ಎಂದು ದಾಟಿಸಿದೆ. ಅರ್ಧ ಅವನಿಗೆ ಬಿಡಬೇಕೆಂಬುದು ನೆನಪಾಗುವ ಹೊತ್ತಿಗೆ ಪೂರಾ ಮುಗಿಸಿದ್ದೆ. ಹೆಂಗಸು ನಗುತ್ತ ಅದೇ ಕೈಗೆ ಇನ್ನೊಂದು ಚಮಚ ಹಾಕಿದಳು, ಅದನ್ನು ಅಣ್ಣ ತಾನೇ ತಿಂದ, ನಿಂತಲ್ಲೇ, ಎಲ್ಲರೆದುರು.

ಬರುವಾಗ ಟೆಂಪೊದಲ್ಲಿ ನನಗೆ ಜೋಂಪು ಹತ್ತಿತ್ತು. ಕಾಲು ಸೋತಿದ್ದವು, ಸೊಂಟ ಎಂದಿನಂತೆ ತನ್ನ ಕೆಲಸ ಮಾಡುತ್ತಿತ್ತು. ವಳಸಂಗ ದಾಟಿದ ಮೇಲೆ ಅಣ್ಣ ನನ್ನ ಮೊಣಕೈ ತಿವಿದ.

"ನಾಳಿ ದುಕಾನ ಎಷ್ಟಕ್ಕ ತೆಗೀತಿ?"

ಹತ್ತಕ್ಕೆ ಎಂದೆ. ಅವನಿದ್ದ ಕಾಲದಲ್ಲಿ ಒಂಬತ್ತಕ್ಕೆ ತೆಗೆಯುತ್ತಿದ್ದೆವು. ಒಬ್ಬನೇ ಆದ ಮೇಲೆ ನಾನು ಮುಂಜಾನೆಯ ಒಂದು ಗಂಟೆ ನಿದ್ದೆಯನ್ನು ನನಗೆ ನಾನೇ ಮಂಜೂರು ಮಾಡಿಕೊಂಡಿದ್ದೆ. ಇಷ್ಟೆಲ್ಲ ಒದ್ದಾಡಿದ್ದು ವಿಶ್ರಾಂತಿಗಾಗಿ, ಈಗ ನೋಡಿದರೆ ಇದ್ದೊಂದು ಗಂಟೆಗೂ ಸಂಚಕಾರ ಬರುವಂತಿತ್ತು. ಅಣ್ಣ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ.

"ಒಂಬತ್ತಕ್ಕ ತೆಗಿ," ಎಂದ. "ಭವಾನಿ ನಾ ಮಾಡ್ತೀನಿ."